ಕೋಟೆಗೋಡೆಯ ತುದಿಯಲ್ಲಿ ನಿಂತರೆ ಕೆಡುವುದೇನು?

ಪ್ರಶ್ನೆ: ನಾವು ಹಾಸನದವರು. ದೀಪಾವಳಿ ರಜೆಗೆ ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗನನ್ನೂ ನನ್ನ ಮಗನನ್ನೂ ಕರೆದುಕೊಂಡು ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಗೆ ಹೋಗಿದ್ದೆವು. ಹಿಂದಿನ ರಾತ್ರಿ ಮಳೆಯಾಗಿತ್ತು. ನಕ್ಷತ್ರದ ಆಕಾರ ಕಾಣಬೇಕೆಂದು ಇಬ್ಬರೂ ಹೊರಗೋಡೆಯ ತುದಿಗೇ ಹತ್ತಿ ಓಡಾಡಿದರು. ಕಾವಲಿನವರು ಸೀಟಿ ಊದಿ ಇಳಿಸಿದರು. ಇಳಿಯುವಾಗ ದೊಡ್ಡವನ ಕಾಲಡಿ ಒಂದು ಕಲ್ಲು ಅಲುಗಿತಂತೆ. ಅಂದಿನಿಂದ ಮನೆಯಲ್ಲಿ ವಾದ ನಿಂತಿಲ್ಲ. ‘ಅತ್ತೆ, ಅದು ಗ್ರಾನೈಟ್ ಕೋಟೆ, ಇನ್ನೂರು ವರ್ಷಕ್ಕಿಂತ ಹೆಚ್ಚು ಕಾಲ ನಿಂತಿದೆ, ಟಿಪ್ಪುವಿನ ಫಿರಂಗಿಗಳನ್ನೇ ಹೊತ್ತಿದೆ, ಅರವತ್ತು ಕಿಲೋ ತೂಗುವ ನನ್ನಿಂದ ಅದಕ್ಕೇನಾಗುತ್ತದೆ’ ಎನ್ನುತ್ತಾನೆ. ನಾನು ಹೆದರಿದ್ದು ಹೆಚ್ಚಾಯಿತೇ? ಕೋಟೆಯ ನೋಟವನ್ನು ಸರಿಯಾಗಿ ನೋಡಲು ಬೇರೆ ದಾರಿ ಇಲ್ಲವೇ? ಅಲುಗಿದ ಕಲ್ಲಿನ ವಿಷಯ ಯಾರಿಗಾದರೂ ಹೇಳಬೇಕೇ? ಮುಂದಿನ ಬಾರಿ ಶೆಟ್ಟಿಹಳ್ಳಿಯ ಚರ್ಚಿಗೆ ಹೋಗಿ ಅದರ ಗೋಡೆ ಹತ್ತಬೇಕೆಂದು ಈಗಲೇ ಯೋಜನೆ ಹಾಕಿದ್ದಾರೆ. ದಯವಿಟ್ಟು ತಿಳಿಸಿ.

ಉತ್ತರ: ನೀವು ಹೆದರಿದ್ದು ಹೆಚ್ಚಾಗಲಿಲ್ಲ. ಆದರೆ ನಿಮ್ಮ ಅಣ್ಣನ ಮಗ ಕೇಳಿದ ಪ್ರಶ್ನೆಯೂ ಹಗುರವಾದದ್ದಲ್ಲ. ಹಳೆಯ ಕಲ್ಲು ಮತ್ತು ಗಾರೆಯ ಕಟ್ಟಡಗಳ ದುರಸ್ತಿಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನ್ನಂಥವರು ಅದಕ್ಕೆ ‘ಹತ್ತಬಾರದು ಅಂದರೆ ಹತ್ತಬಾರದು’ ಎಂದಷ್ಟೇ ಹೇಳಿ ಸುಮ್ಮನಾದರೆ ಅವನಿಗೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಹುಡುಗ ಬೀಳಬಹುದಿತ್ತು ಎಂಬ ನಿಮ್ಮ ಭಯ ಮತ್ತು ಗೋಡೆಗೆ ಏನಾಗುತ್ತದೆ ಎಂಬ ಅವನ ಪ್ರಶ್ನೆ, ಇವೆರಡೂ ಕೊನೆಗೆ ಬಂದು ನಿಲ್ಲುವುದು ಅವನ ಕಾಲಡಿ ಅಲುಗಿದ ಆ ಒಂದು ಕಲ್ಲಿನ ಮೇಲೆಯೇ. ಅವನನ್ನು ಬೀಳಿಸಬಹುದಾಗಿದ್ದ ಕಾರಣ ಯಾವುದೋ, ಗೋಡೆಯನ್ನು ಕೆಡಿಸುವ ಕಾರಣವೂ ಅದೇ ಆಗಿದೆ.

ಮೊದಲು ಅವನ ವಾದದಲ್ಲಿರುವ ನಿಜವನ್ನು ಒಪ್ಪಿಕೊಳ್ಳೋಣ. ಒಳ್ಳೆಯ ಗ್ರಾನೈಟಿನ ಒಂದು ಚದರ ಸೆಂಟಿಮೀಟರ್ ಜಾಗ ಸುಮಾರು 1000 ಕಿಲೋಗ್ರಾಂ ಒತ್ತಡವನ್ನು ತಾಳಬಲ್ಲದು. ಅರವತ್ತು ಕಿಲೋ ತೂಕದ ಹುಡುಗನೊಬ್ಬ ಅದರ ಮೇಲೆ ನಿಂತರೂ ಕುಣಿದರೂ ಆ ಕಲ್ಲು ಒಡೆಯುವುದಿಲ್ಲ, ಸವೆಯುವುದೂ ಇಲ್ಲವೆನ್ನುವಷ್ಟು ಕಡಿಮೆ. ಹಳೇಬೀಡು, ಬೇಲೂರುಗಳ ಬಳಪದ ಕಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅಲ್ಲಿನ ಕಲ್ಲು ಉಳಿಯ ಮಾತನ್ನು ಕೇಳುವಷ್ಟು ಮೃದುವಾದದ್ದರಿಂದಲೇ ಹೊಯ್ಸಳರ ಶಿಲ್ಪಿಗಳು ಅದರಲ್ಲಿ ಬಳೆಯನ್ನೂ ಬಳ್ಳಿಯನ್ನೂ ಕಡೆದರು, ಮತ್ತು ಆ ಮೃದುತನದಿಂದಲೇ ಬೂಟುಗಾಲಿನ ಒರಸಾಟಕ್ಕೆ ಅದು ಬೇಗ ಸೋಲುತ್ತದೆ. ಮಂಜರಾಬಾದಿನ ಕಲ್ಲು ಹಾಗೆ ಸೋಲುವಂಥದ್ದಲ್ಲ.

ಆದರೆ ಗೋಡೆ ಎಂಬುದು ಒಂದು ಕಲ್ಲಲ್ಲ, ಅನೇಕ ಕಲ್ಲುಗಳು ಮತ್ತು ಅವುಗಳ ನಡುವಿನ ಸುಣ್ಣದ ಗಾರೆ ಸೇರಿ ಆದದ್ದು. ಸುಣ್ಣದ ಗಾರೆಯ ಶಕ್ತಿ ಗ್ರಾನೈಟಿನ ಶಕ್ತಿಯಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಅದು ದೋಷವಲ್ಲ, ಮೆದುವಾದ ಗಾರೆ ಕಲ್ಲುಗಳ ಸಣ್ಣಪುಟ್ಟ ಸರಿದಾಟವನ್ನು ತಾನು ನುಂಗಿಕೊಂಡು ಕಲ್ಲು ಸೀಳದಂತೆ ಕಾಯುತ್ತದೆ. ಹಳೆಯ ಕಾಲದ ದಪ್ಪ ಗೋಡೆಗಳಲ್ಲಿ ಸಾಮಾನ್ಯವಾಗಿ ಹೊರಮೈಗೆ ಕೆತ್ತಿದ ಕಲ್ಲು, ಒಳಮೈಗೆ ಒರಟು ಕಲ್ಲು, ನಡುವೆ ಚೂರುಗಲ್ಲು, ಗಾರೆ ಮತ್ತು ಮಣ್ಣಿನ ತುಂಬುವಿಕೆ ಇರುತ್ತದೆ. ನಾವು ಹೊರಗಿನಿಂದ ಕಾಣುವ ಗಟ್ಟಿತನವೆಲ್ಲ ಹೊರಮೈಯದು. ಗೋಡೆಯ ಆಯುಷ್ಯವನ್ನು ನಿರ್ಧರಿಸುವುದು ಕಣ್ಣಿಗೆ ಕಾಣದ ನಡುವಿನ ಆ ತುಂಬು.

ಇಲ್ಲಿ ಒಂದು ಲೆಕ್ಕವನ್ನು ಹುಡುಗನ ಮುಂದಿಡಿ, ಅವನಿಗೆ ಹಿಡಿಸಬಹುದು. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ಮುಕ್ಕಾಲು ಅಡಿ ದಪ್ಪದ ಗ್ರಾನೈಟ್ ಕಲ್ಲೊಂದು ಸುಮಾರು 85 ಕಿಲೋ ತೂಗುತ್ತದೆ. ಇಪ್ಪತ್ತು ಅಡಿ ಎತ್ತರದ ಗೋಡೆಯ ಬುಡದಲ್ಲಿ ಇದೇ ಅಳತೆಯ ಕಲ್ಲಿದ್ದರೆ ಅದರ ನೆತ್ತಿಯ ಮೇಲೆ ಸುಮಾರು ಎರಡು ಟನ್ ಭಾರ ಕೂತಿರುತ್ತದೆ. ಗಾರೆ ಪೂರಾ ಉದುರಿಹೋದರೂ ಆ ಭಾರವೇ ಅದನ್ನು ಜಾಗದಿಂದ ಕದಲದಂತೆ ಒತ್ತಿ ಹಿಡಿಯುತ್ತದೆ. ಅದೇ ಕಲ್ಲು ಗೋಡೆಯ ಕಟ್ಟಕಡೆಯ ಮೇಲಿನ ವರಸೆಯಲ್ಲಿದ್ದರೆ ಅದರ ಮೇಲೆ ಏನೂ ಇಲ್ಲ. ತನ್ನ 85 ಕಿಲೋ ತೂಕ ಮತ್ತು ಕೆಳಗೆ ಹಾಸಿದ ಒಂದಿಷ್ಟು ಗಾರೆ, ಇವಿಷ್ಟೇ ಅದರ ಆಧಾರ. 85 ಕಿಲೋ ಕಲ್ಲಿನ ನಡುವೆ ನಿಂತರೆ ಅರವತ್ತು ಕಿಲೋ ದೊಡ್ಡದಲ್ಲ, ಅದರ ಅಂಚನ್ನು ಮೆಟ್ಟಿದರೆ ಮಾತ್ರ ಬಹಳ ದೊಡ್ಡದು. ಅಂಚಿನ ಮೇಲೆ ಬಿದ್ದ ಭಾರ ಕಲ್ಲಿನ ಇನ್ನೊಂದು ಬದಿಯನ್ನು ಕೂದಲೆಳೆಯಷ್ಟು ಎತ್ತುತ್ತದೆ, ಕಾಲು ತೆಗೆದಾಗ ಅದು ಮತ್ತೆ ಕೂರುತ್ತದೆ. ಈ ಎದ್ದು ಕೂರುವ ಆಟದಲ್ಲಿ ಅಡಿಯ ಗಾರೆ ಅರೆದು ಪುಡಿಯಾಗುತ್ತದೆ. ಅವನ ಕಾಲಡಿ ಕಲ್ಲು ಅಲುಗಿತು ಎಂದರೆ ಅದರ ಗಾರೆ ಹಾಗೆ ಪುಡಿಯಾಗಿ ಹೋಗಿರುವುದು ಬಹುಮಟ್ಟಿಗೆ ಖಚಿತ. ಅದು ಅವನೊಬ್ಬನಿಂದ ಆದದ್ದಲ್ಲ. ಅವನಿಗಿಂತ ಮೊದಲು ಅಲ್ಲಿ ಕಾಲಿಟ್ಟ ಎಷ್ಟೋ ಜನರಿಂದ ಆದದ್ದು, ಅವನೂ ಅದರಲ್ಲೊಂದು ಹೆಜ್ಜೆ ಸೇರಿಸಿದ್ದಾನೆ.

ಮಲೆನಾಡಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ತಿಳಿಸಲು ಸುಲಭವಾದ ಮಾತೊಂದಿದೆ. ನಮ್ಮ ಹೆಂಚಿನ ಮನೆಯ ಮಾಡಿನ ಮೇಲೆ ಮಕ್ಕಳು ಓಡಾಡಿದರೆ ನಾವು ಬಿಡುವುದಿಲ್ಲ. ಹೆಂಚು ಒಂದೆರಡು ಒಡೆದರೆ ಮನೆ ಅಂದೇ ಬೀಳುವುದಿಲ್ಲವೆಂಬುದು ನಮಗೆ ಗೊತ್ತು. ಆದರೆ ಆ ಸಂದಿನಲ್ಲಿ ಇಳಿದ ನೀರು ರೀಪನ್ನೂ ತೊಲೆಯನ್ನೂ ತಿಂದು, ಆಮೇಲೆ ಮಣ್ಣಿನ ಗೋಡೆಯನ್ನೂ ತಿನ್ನುತ್ತದೆ ಎಂಬುದೂ ಗೊತ್ತು. ಕೋಟೆಗೋಡೆಗೆ ಅದರ ತುದಿಯೇ ಮಾಡು. ಮೇಲಿನ ವರಸೆಯ ಕಲ್ಲು ಮತ್ತು ಅದರ ಮೇಲೆ ಬಳಿದಿದ್ದ ಗಾರೆಯ ಹೊದಿಕೆ ಎಲ್ಲಿಯವರೆಗೆ ನೀರನ್ನು ಹೊರಗೆ ಹರಿಸುತ್ತವೋ ಅಲ್ಲಿಯವರೆಗೆ ಒಳಗಿನ ತುಂಬು ಒಣಗಿ ಗಟ್ಟಿಯಾಗಿರುತ್ತದೆ. ತುದಿಯ ಸಂದುಗಳು ಬಾಯಿಬಿಟ್ಟ ಮೇಲೆ ಗೋಡೆಗೆ ರಕ್ಷಣೆ ಇಲ್ಲ.

ಸಕಲೇಶಪುರದ ಸೀಮೆಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸುಮಾರು 988 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿ, ಘಟ್ಟದಿಂದ ಬರುವ ಗಾಳಿಗೆ ಎದೆಯೊಡ್ಡಿ ನಿಂತಿರುವ ಕೋಟೆಗೆ ಆ ಮಳೆ ನೇರವಾಗಿ ಮೇಲಿನಿಂದಷ್ಟೇ ಬೀಳದೆ ಅಡ್ಡಲಾಗಿಯೂ ಬಡಿಯುತ್ತದೆ. ತುದಿಯ ಬಿರುಕಿನಲ್ಲಿ ಇಳಿದ ನೀರು ನಡುವಿನ ತುಂಬಿನ ಮೂಲಕ ಕೆಳಗೆ ಸಾಗುತ್ತ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿಕೊಂಡು ಹೋಗುತ್ತದೆ. ಹಳೆಯ ಗೋಡೆಗಳ ಹೊರಮೈಯಲ್ಲಿ ಕಲ್ಲಿನ ಸಂದಿನಿಂದ ಬಿಳಿಯ ಗೆರೆಗಳು ಇಳಿದಿರುವುದನ್ನು ನೀವು ನೋಡಿರಬಹುದು. ಹಲವರು ಅದನ್ನು ಹಕ್ಕಿಯ ಹಿಕ್ಕೆಯೆಂದೋ ಯಾರೋ ಬಳಿದ ಬಣ್ಣವೆಂದೋ ತಿಳಿಯುತ್ತಾರೆ. ಬಹಳ ಸಲ ಅದು ಗೋಡೆಯ ಒಳಗಿಂದ ಕರಗಿ ಬಂದು ಹೊರಗೆ ಒಣಗಿ ಕಟ್ಟಿಕೊಂಡ ಸುಣ್ಣ. ನಮ್ಮಂಥವರು ಕೋಟೆಗೆ ಹೋದರೆ ಮೊದಲು ಹುಡುಕುವುದು ಆ ಗೆರೆಗಳನ್ನೇ, ಏಕೆಂದರೆ ಅವುಗಳ ನೇರಕ್ಕೆ ಮೇಲೆ ನೋಡಿದರೆ ತುದಿಯಲ್ಲಿ ಸಂದು ಬಿಟ್ಟ ಜಾಗ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ.

ಸುಣ್ಣ ಹೋದ ತುಂಬು ಕ್ರಮೇಣ ಬರಿಯ ಚೂರುಗಲ್ಲಿನ ರಾಶಿಯಾಗುತ್ತದೆ. ಮಳೆಗಾಲದಲ್ಲಿ ಅದು ನೀರು ಕುಡಿದು ಭಾರವಾಗಿ, ಕೆಳಗೆ ಕುಸಿಯುತ್ತ ಹೊರಮೈಯ ಕಲ್ಲನ್ನು ಹೊರಕ್ಕೆ ದೂಡುತ್ತದೆ. ಗೋಡೆ ಹೊಟ್ಟೆ ಬಿಟ್ಟಿದೆ ಎಂದು ಕೆಲಸದವರು ಹೇಳುವುದು ಇದಕ್ಕೇ. ಆ ಉಬ್ಬು ಕೈಗೆ ತಿಳಿಯುವಷ್ಟು ಬೆಳೆಯಲು ಹಲವು ಮಳೆಗಾಲಗಳು ಬೇಕು. ಕೊನೆಗೊಂದು ದಿನ ಯಾರೂ ಮುಟ್ಟದಿದ್ದಾಗಲೇ ಗೋಡೆಯ ಒಂದು ಭಾಗ ಜಾರಿ ಬೀಳುತ್ತದೆ. ಮಳೆಗೆ ಗೋಡೆ ಕುಸಿಯಿತು ಎಂದು ಆಗ ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕೂ ಹಿಂದೆ ಆ ತುದಿಯಲ್ಲಿ ನಡೆದ ಕಾಲುಗಳ ಸುದ್ದಿ ಎಲ್ಲಿಯೂ ಬರುವುದಿಲ್ಲ. ಇನ್ನೂರು ವರ್ಷ ನಿಂತಿದೆ ಎಂಬುದನ್ನು ಮುಂದೆಯೂ ನಿಲ್ಲುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ನಾನು ಒಪ್ಪದಿರುವುದು ಈ ಕಾರಣಕ್ಕೆ. ಆ ವರ್ಷಗಳ ಬಹುಭಾಗದಲ್ಲಿ ಆ ಗುಡ್ಡಕ್ಕೆ ವಾರಾಂತ್ಯದಲ್ಲಿ ಕಾರು, ಬೈಕುಗಳಲ್ಲಿ ಬಂದಿಳಿಯುವ ಜನಸಂದಣಿಯೂ ಇರಲಿಲ್ಲ.

ಹುಲ್ಲಿನ ವಿಷಯದಲ್ಲಿ ಒಂದು ಮಾತು ಹೇಳಬೇಕು, ಏಕೆಂದರೆ ಇಲ್ಲಿ ಸಾಮಾನ್ಯ ತಿಳಿವಳಿಕೆ ತಲೆಕೆಳಗಾಗಿದೆ. ಗೋಡೆಯ ಮೇಲೆ ಹುಲ್ಲು ಬೆಳೆದರೆ ಅದು ಅಲಕ್ಷ್ಯದ ಗುರುತು, ಕಿತ್ತು ಹಾಕಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ಅರಳಿ, ಆಲ, ಗೋಣಿ, ಬಸರಿಗಳಂಥ ಮರದ ಸಸಿಗಳ ವಿಷಯದಲ್ಲಿ ಅದು ಸರಿ. ಅವುಗಳ ಬೇರು ಸಂದಿಗಿಳಿದು ದಪ್ಪವಾಗುತ್ತ ಕಲ್ಲನ್ನು ಸೀಳಿ ಸರಿಸುತ್ತದೆ. ಆದರೆ ಮೇಲುಬೇರಿನ ಸಣ್ಣ ಹುಲ್ಲು ತೆಳುವಾದ ಮಣ್ಣಿನ ಮೇಲೆ ಹಾಸಿದಂತೆ ಬೆಳೆದಿದ್ದರೆ ಅದು ಮಳೆಹನಿಯ ಹೊಡೆತವನ್ನು ತಡೆದು, ನೀರನ್ನು ಹೀರಿ, ಬಿಸಿಲು ಮತ್ತು ಚಳಿಯ ಏರಿಳಿತದಿಂದ ಗಾರೆಯನ್ನು ಕಾಪಾಡುತ್ತದೆ. ಪಾಳುಗೋಡೆಗಳ ತುದಿಗೆ ಬೇಕೆಂದೇ ಹುಲ್ಲಿನ ಹೊದಿಕೆ ಹಾಸುವ ಪದ್ಧತಿ ಸಂರಕ್ಷಣೆಯಲ್ಲಿ ಇಂದು ಬಳಕೆಯಲ್ಲಿದೆ. ಜನ ಸಾಲಾಗಿ ನಡೆದಲ್ಲಿ ಮೊದಲು ಸಾಯುವುದು ಈ ಹುಲ್ಲು. ಗೋಡೆಯ ಮೇಲೆ ಹುಲ್ಲಿನ ನಡುವೆ ಬೋಳಾದ ಒಂದು ಕಾಲುದಾರಿ ಮೂಡಿದ್ದರೆ, ಮುಂದಿನ ಮಳೆಗಾಲದಲ್ಲಿ ನೀರು ಒಳಗಿಳಿಯುವ ದಾರಿಯೂ ಅದೇ ಆಗುತ್ತದೆ.

ಇನ್ನು ಫಿರಂಗಿಯ ವಾದ. ಫಿರಂಗಿಗಳು ನಿಂತಿರುತ್ತಿದ್ದುದು ನಿಮ್ಮ ಮಕ್ಕಳು ಹತ್ತಿದ ಜಾಗದಲ್ಲಲ್ಲ. ಇಂಥ ಕೋಟೆಗಳಲ್ಲಿ ಗೋಡೆಯ ಒಳಮಗ್ಗುಲಿಗೆ, ಹಿಂದಿನಿಂದ ಮಣ್ಣಿನ ಆಸರೆಯಿರುವ ಅಗಲವಾದ ದಿಣ್ಣೆಯಿರುತ್ತದೆ. ಫಿರಂಗಿಗಳನ್ನು ನಿಲ್ಲಿಸಿ ಹಿಂದೆ ಮುಂದೆ ಎಳೆದಾಡುತ್ತಿದ್ದುದು ಅದರ ಮೇಲೆ. ಆ ದಿಣ್ಣೆಯ ಹೊರ ಅಂಚಿನಲ್ಲಿ ಎದ್ದಿರುವ, ನಡುನಡುವೆ ಕಿಂಡಿಗಳಿರುವ ಮೋಟುಗೋಡೆ ಸೈನಿಕರ ಮರೆಗಾಗಿ ಕಟ್ಟಿದ್ದು. ಅದರ ಹಿಂದೆ ಅಡಗಿ ಕಿಂಡಿಯಿಂದ ಗುಂಡು ಹಾರಿಸಬೇಕಿತ್ತೇ ಹೊರತು ಅದರ ಮೇಲೆ ಹತ್ತಿ ನಿಲ್ಲುವ ಕೆಲಸ ಯಾರಿಗೂ ಇರಲಿಲ್ಲ. ಯುದ್ಧದಲ್ಲಿ ಹಾಗೆ ನಿಂತವನು ಶತ್ರುವಿಗೆ ಸುಲಭದ ಗುರಿಯಾಗುತ್ತಿದ್ದ. ಕಟ್ಟಿದವರು ಯಾವ ಭಾರಕ್ಕೆಂದು ಕಟ್ಟಿದರೋ ಅದರಲ್ಲಿ ಮೋಟುಗೋಡೆಯ ತುದಿಯ ಮೇಲೆ ನಡೆಯುವ ಮನುಷ್ಯನ ಲೆಕ್ಕವೇ ಇಲ್ಲ. ಒಳಗಿನ ದಿಣ್ಣೆಯ ಮೇಲೆ ನಡೆಯುವುದಕ್ಕೂ ಮೋಟುಗೋಡೆಯನ್ನು ಹತ್ತುವುದಕ್ಕೂ ಇರುವ ಈ ಅಂತರ ನಿಮ್ಮ ಮನೆಯ ವಾದಕ್ಕೆ ಮುಖ್ಯವಾದದ್ದು.

ನಕ್ಷತ್ರದ ಆಕಾರ ಕಾಣಬೇಕೆಂಬ ಆಸೆಯಿಂದ ಹತ್ತಿದರು ಎಂದಿದ್ದೀರಿ. ಆ ಆಸೆ ಗೋಡೆಯ ಮೇಲೆ ಎಲ್ಲಿ ನಿಂತರೂ ತೀರುವುದಿಲ್ಲ. ಮಂಜರಾಬಾದ್ ಎಂಟು ಮೂಲೆಗಳ ಕೋಟೆ; 1792ರ ಹೊತ್ತಿಗೆ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಸೇನಾ ಎಂಜಿನಿಯರ್ ವೋಬಾನ್ ಹದಿನೇಳನೆಯ ಶತಮಾನದಲ್ಲಿ ಬೆಳೆಸಿದ ಶೈಲಿ ಅದರ ಹಿಂದಿದೆ. ಆ ಆಕಾರ ಅಂದಕ್ಕಾಗಿ ಹುಟ್ಟಿದ್ದಲ್ಲ. ದುಂಡು ಅಥವಾ ಚೌಕ ಕೊತ್ತಲದ ಮುಂದೆ ಒಳಗಿನವರ ಗುಂಡಿಗೆ ಸಿಗದ ಒಂದು ಕುರುಡು ಜಾಗ ಉಳಿದುಬಿಡುತ್ತದೆ, ಶತ್ರು ಅಲ್ಲಿಗೆ ತಲುಪಿದರೆ ಗೋಡೆಯ ಬುಡವನ್ನು ಅಗೆಯಬಹುದು. ಗೋಡೆಯನ್ನು ಚೂಪು ಮೂಲೆಗಳಾಗಿ ಮುಂದೆ ಚಾಚಿ, ನಡುವೆ ಒಳಕ್ಕೆ ಮಡಿಸಿದರೆ ಪ್ರತಿಯೊಂದು ಗೋಡೆಯ ಬುಡವೂ ಪಕ್ಕದ ಮೂಲೆಯಲ್ಲಿ ನಿಂತವನ ಕಣ್ಣಿಗೆ ಬೀಳುತ್ತದೆ. ಈ ವಿನ್ಯಾಸದ ಜಾಣತನ ಅರ್ಥವಾಗುವುದು ಒಳಗಿನಿಂದ, ಒಂದು ಮೂಲೆಯ ಕಿಂಡಿಯಲ್ಲಿ ಕಣ್ಣಿಟ್ಟು ಪಕ್ಕದ ಗೋಡೆಯ ಬುಡ ಹೇಗೆ ಕಾಣುತ್ತದೆ ಎಂದು ನೋಡಿದಾಗ. ಇಡೀ ನಕ್ಷತ್ರ ಕಾಣುವುದು ಆಕಾಶದಿಂದ ಮಾತ್ರ. ಗೋಡೆಯ ತುದಿಯಿಂದ ಹೆಚ್ಚೆಂದರೆ ಎರಡು ಮೂರು ಮೂಲೆಗಳು ಓರೆಯಾಗಿ ಕಾಣುತ್ತವೆ. ಹತ್ತು ಅಡಿ ಮೇಲೆ ಹೋದ ಮಾತ್ರಕ್ಕೆ ಇದು ಬದಲಾಗುವುದಿಲ್ಲ.

ಇದೇ ಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆ ಎಂಬ ಮಾತನ್ನೂ ಮಕ್ಕಳು ಕೇಳಿರುತ್ತಾರೆ. ನೇರವಾಗಿ ಅಳೆದರೂ ನೂರು ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಗುಡ್ಡ, ಬಂಡೆ, ಹೊಳೆಗಳು. ಆ ಕಾಲದಲ್ಲಿ ಅಂಥ ಸುರಂಗ ಸಾಧ್ಯವಿರಲಿಲ್ಲ. ಕೋಟೆಯ ನಡುವಿನ ಶಿಲುಬೆಯಾಕಾರದ ಕೊಳದ ಹತ್ತಿರವಿರುವ ನೆಲಮಾಳಿಗೆಗಳನ್ನು ಮದ್ದುಗುಂಡಿನ ಕೋಣೆಗಳೆಂದು ಗುರುತಿಸುತ್ತಾರೆ. ಬೇಸಿಗೆಯಲ್ಲೂ ತಂಪಾಗಿರುವ ಆ ಕತ್ತಲೆ ಕೋಣೆಗಳೇ ಈ ಕಥೆಗೆ ಆಸ್ಪದ ಕೊಟ್ಟಿರಬೇಕು. ಸುರಂಗ ಹುಡುಕುತ್ತ ಮಕ್ಕಳು ಅಲ್ಲಿ ಮೂಲೆ ಮೂಲೆಗೆ ನುಗ್ಗದಂತೆ ನೋಡಿಕೊಂಡರೆ ಸಾಕು.

ಈಗ ಮೈಗೆ ಆಗಬಹುದಾದ ಅಪಾಯಕ್ಕೆ ಬರೋಣ. ಹಿಂದಿನ ರಾತ್ರಿ ಮಳೆ ಬಂದಿತ್ತು ಎಂದಿರುವುದನ್ನು ಓದಿದಾಗ ನನಗೆ ಆತಂಕವಾಯಿತು. ಒಣಗಿದಾಗ ಕಪ್ಪು ಕಲೆಯಂತೆ ಮಾತ್ರ ಕಾಣುವ ಪಾಚಿ ಒಂದು ಮಳೆಗೆ ಜೀವ ತಳೆದು ಜಾರುತ್ತದೆ. ಸವೆದ ಬೂಟಿನ ತಳಕ್ಕೂ ಚಪ್ಪಲಿಗೂ ಅದರ ಮೇಲೆ ಹಿಡಿತವಿಲ್ಲ. ನಕ್ಷತ್ರ ಕೋಟೆಯಲ್ಲಿ ಇನ್ನೊಂದು ಮೋಸವಿದೆ. ಒಳಗಡೆ ನೆಲ ನಾಲ್ಕೈದು ಅಡಿ ಕೆಳಗೆ ಕಾಣುವುದರಿಂದ ಹೊರಗಡೆಯೂ ಅಷ್ಟೇ ಇರಬೇಕೆಂದು ಮನಸ್ಸು ಎಣಿಸುತ್ತದೆ. ಹೊರಗಡೆ ಗೋಡೆಯ ಪೂರ್ತಿ ಎತ್ತರವಿದೆ, ಅದರಾಚೆಗೆ ಕಂದಕವಿದೆ. ಹೊರಮೈ ಇಳಿಜಾರಾಗಿ ಕಟ್ಟಿದ್ದರಿಂದ ಜಾರಿದವನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಗೋಡೆ ಪ್ರತಿ ಮೂಲೆಯಲ್ಲೂ ದಿಕ್ಕು ಬದಲಿಸುವುದರಿಂದ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ಹಿಂದೆ ಸರಿಯುವವನ ಹೆಜ್ಜೆಗೆ ಗೋಡೆ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಮಂಜು ಕವಿದಾಗ ಆಳ ಅಳಿಸಿಹೋಗಿ ಎಲ್ಲವೂ ಮೆತ್ತಗೆ, ಹತ್ತಿರದಲ್ಲಿ ಇರುವಂತೆ ತೋರುತ್ತದೆ. ಅದು ಅತ್ಯಂತ ಕೆಟ್ಟ ಸಮಯ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಸಿಡಿಲಿನ ಭಯವೂ ಇದೆ. ಬೋಳುಗುಡ್ಡದ ನೆತ್ತಿಯ ಗೋಡೆಯ ಮೇಲೆ ನಿಂತವನೇ ಸುತ್ತಲಿನ ಅತಿ ಎತ್ತರದ ವಸ್ತುವಾಗಿರುತ್ತಾನೆ.

ಇದರರ್ಥ ಯಾವ ಹಳೆಯ ಕಟ್ಟಡವನ್ನೂ ಹತ್ತಬಾರದು ಎಂದಲ್ಲ. ನಮ್ಮ ಜಿಲ್ಲೆಯಲ್ಲೇ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಜನ ಶತಮಾನಗಳಿಂದ ಹತ್ತುತ್ತಿದ್ದಾರೆ, ಹತ್ತುವುದಕ್ಕೆಂದೇ ಅವುಗಳನ್ನು ಕಡಿದದ್ದು. ಬೇಲೂರಿನ ಚೆನ್ನಕೇಶವ ದೇವಾಲಯದ ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆ, ಪ್ರದಕ್ಷಿಣೆ ಬರುವವರ ಕಾಲಿಗಾಗಿಯೇ ಇದೆ. ಅದರ ಮೇಲೆ ನಡೆಯುವುದು ಸರಿ, ಗೋಡೆಯ ಕೆಳಸಾಲಿನ ಆನೆಗಳ ಮೇಲೆ ಕಾಲಿಟ್ಟು ಚಿತ್ರ ತೆಗೆಸಿಕೊಳ್ಳುವುದು ತಪ್ಪು. ವಿಜಯಪುರದ ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಮೂಲೆಯ ಗೋಪುರದೊಳಗಿನ ಮೆಟ್ಟಿಲುಗಳಿಂದ ಇಂದಿಗೂ ಹೋಗಬಹುದು. ಆದರೆ ಹತ್ತಲೆಂದೇ ಕಟ್ಟಿದ ಮೆಟ್ಟಿಲು ಕೂಡ ಎಲ್ಲ ಕಾಲಕ್ಕೂ, ಎಷ್ಟು ಜನಕ್ಕಾದರೂ ಸುರಕ್ಷಿತವಲ್ಲ. ದೆಹಲಿಯ ಕುತುಬ್ ಮಿನಾರಿನ ಒಳಗಿನ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ 1981ರ ಡಿಸೆಂಬರ್ 4ರಂದು ದೀಪ ಆರಿ ನೂಕುನುಗ್ಗಲಾಗಿ 45 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಶಾಲಾ ಮಕ್ಕಳು. ಅಂದಿನಿಂದ ಆ ಮೆಟ್ಟಿಲು ಸಾರ್ವಜನಿಕರಿಗೆ ಮುಚ್ಚಿದೆ. ಆದ್ದರಿಂದ ನಾನು ಮೊದಲು ಕೇಳುವುದು ‘ಇದನ್ನು ಕಾಲಿಗಾಗಿ ಕಟ್ಟಿದ್ದೇ’ ಎಂದು. ಹೌದಾದರೆ ಆಮೇಲೆ ಕೇಳುವುದು ‘ಇಂದು, ಇಷ್ಟು ಜನಕ್ಕೆ ತೆರೆದಿದ್ದಾರೆಯೇ’ ಎಂದು.

ತಡೆಬೇಲಿ ಇಲ್ಲದಿದ್ದರೆ ಹತ್ತಬಹುದು ಎಂಬುದೂ ಒಂದು ತಪ್ಪು ಗ್ರಹಿಕೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ, ರಾಜ್ಯದ ರಕ್ಷಣೆಯಲ್ಲಿರುವವಕ್ಕೆ 1961ರ ಕರ್ನಾಟಕದ ಕಾಯ್ದೆ ಅನ್ವಯಿಸುತ್ತವೆ. ಕೇಂದ್ರದ ಕಾಯ್ದೆಯಲ್ಲಿ 2010ರ ತಿದ್ದುಪಡಿಯ ನಂತರ, ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹದಿಹರೆಯದ ಹುಡುಗರನ್ನು ಕಾನೂನಿನಿಂದ ಹೆದರಿಸಿ ಎಂದು ನಾನು ಹೇಳುವುದಿಲ್ಲ. ಸೀಟಿ ಊದಿದ ಕಾವಲಿನವರ ಮಾತಿಗೆ ಹಿಂದೆ ಏನಿದೆ ಎಂಬುದು ಅವರಿಗೆ ಗೊತ್ತಿರಲಿ. ಅಷ್ಟು ದೊಡ್ಡ ಆವರಣವನ್ನು ಕಾಯುವ ಒಬ್ಬಿಬ್ಬರು ಒಂದು ದಿನಕ್ಕೆ ಎಷ್ಟು ಸಲ ಅದೇ ಸೀಟಿ ಊದಬೇಕಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ನೋಟವನ್ನು ನೋಡುವುದು ಹೇಗೆ? ನನ್ನ ಮೊದಲ ಸಲಹೆ ಗೋಡೆಯ ಒಳಮಗ್ಗುಲಿನ ದಿಣ್ಣೆಯ ಮೇಲೆ, ಜನ ನಡೆದು ಈಗಾಗಲೇ ಗಟ್ಟಿಯಾದ ದಾರಿಯಲ್ಲಿ, ಮೋಟುಗೋಡೆಯನ್ನು ನಿಮ್ಮ ಮತ್ತು ಕಂದಕದ ನಡುವೆ ಇಟ್ಟುಕೊಂಡು ನಡೆಯಿರಿ ಎಂಬುದು. ಮೋಟುಗೋಡೆಯ ಮೇಲಿನಿಂದಲೂ ಕಿಂಡಿಗಳಿಂದಲೂ ಘಟ್ಟದ ಸಾಲು ಚೆನ್ನಾಗಿಯೇ ಕಾಣುತ್ತದೆ. ಹುಡುಗರು ನಾಲ್ಕೈದು ಅಡಿ ಎತ್ತರಕ್ಕಾಗಿ ಗೋಡೆ ಹತ್ತಿ ಗಳಿಸಿದ್ದು ಬಹಳ ಸ್ವಲ್ಪ. ಅಲ್ಲಿಯೂ ಅಪಾಯ ಇಲ್ಲವೆಂದಲ್ಲ. ಒದ್ದೆಯಿದ್ದಾಗ ದಿಣ್ಣೆಯ ಇಳಿಜಾರು ಜಾರುತ್ತದೆ, ಮೋಟುಗೋಡೆ ಕುಸಿದು ಬಾಯಿಬಿಟ್ಟ ಕಡೆ ಅಂಚಿಗೆ ಹೋಗಬಾರದು, ಚಿಕ್ಕವನನ್ನು ಕಿಂಡಿಯೊಳಗೆ ಕೂರಿಸಿ ಚಿತ್ರ ತೆಗೆಯಬಾರದು. ಮಳೆ ಬಿಟ್ಟು ಎರಡು ಮೂರು ದಿನ ಬಿಸಿಲು ಬಿದ್ದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ, ಮಂಜು ಸರಿದ ಬೆಳಗಿನ ಹೊತ್ತು ಹೋದರೆ ಕಲ್ಲು ಒಣಗಿರುತ್ತದೆ, ದೂರವೂ ಕಾಣುತ್ತದೆ.

ನಕ್ಷತ್ರವನ್ನು ಮನೆಯಲ್ಲೇ ನೋಡಿಕೊಂಡು ಹೋಗಿ. ಮೊಬೈಲಿನ ನಕ್ಷೆಯಲ್ಲಿ ಉಪಗ್ರಹ ಚಿತ್ರವನ್ನು ತೆರೆದರೆ ದೋಣಿಗಾಲ್ ಬಳಿ, ಬೆಂಗಳೂರು–ಮಂಗಳೂರು ಹೆದ್ದಾರಿಯ ಪಕ್ಕದಲ್ಲೇ ಎಂಟು ಮೂಲೆಗಳೂ ಸ್ಪಷ್ಟವಾಗಿ ಕಾಣುತ್ತವೆ. ಮಕ್ಕಳಿಂದ ಅದನ್ನು ಹಾಳೆಯ ಮೇಲೆ ಬರೆಸಿ, ಕೋಟೆಯೊಳಗೆ ನಡೆಯುತ್ತ ತಾವು ಯಾವ ಮೂಲೆಯಲ್ಲಿದ್ದೇವೆಂದು ಗುರುತು ಹಾಕಿಸಿ. ಈ ಕ್ರಮವನ್ನು ಶಾಲಾ ಮಕ್ಕಳ ಜೊತೆ ಹೋದಾಗ ನಾನು ಅನುಸರಿಸುತ್ತೇನೆ. ಗೋಡೆ ಹತ್ತಲು ಹೊರಟವರು ಮೂಲೆ ಎಣಿಸುವುದರಲ್ಲಿ ಮುಳುಗುತ್ತಾರೆ. ಡ್ರೋನ್ ಹಾರಿಸುವ ಯೋಚನೆ ದೊಡ್ಡವನಿಗೆ ಬಂದೇ ಬರುತ್ತದೆ. ರಕ್ಷಿತ ಸ್ಮಾರಕದ ಮೇಲೆ ಅದಕ್ಕೆ ಮುಂಚಿತವಾಗಿ ಲಿಖಿತ ಅನುಮತಿ ಬೇಕು, 2021ರ ಡ್ರೋನ್ ನಿಯಮಗಳೂ ಇವೆ. ಘಟ್ಟದ ಗಾಳಿಗೆ ಸಣ್ಣ ಡ್ರೋನ್ ಜನರ ಮೇಲೆ ಬೀಳುವ ಸಂಭವವೂ ಇದೆ. ಅನುಮತಿ ಇಲ್ಲದೆ ಬೇಡ.

ಕೋಟೆಯ ಮೇಲೆ ಕಬ್ಬಿಣದ ಕಟಾಂಜನವಿರುವ ವೀಕ್ಷಣಾ ಕಟ್ಟೆ ಮಾಡಿಸಬಾರದೇ ಎಂದು ಅನೇಕರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಹೇಗೆ ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಳೆಯ ಗೋಡೆಗೆ ತೂತು ಕೊರೆದು ಸಿಮೆಂಟಿನಲ್ಲಿ ಕಬ್ಬಿಣ ನೆಟ್ಟರೆ, ಘಟ್ಟದ ತೇವಕ್ಕೆ ಅದು ತುಕ್ಕು ಹಿಡಿದು ಹಲವು ಪಟ್ಟು ಉಬ್ಬಿ ಸುತ್ತಲಿನ ಕಲ್ಲನ್ನು ಒಳಗಿಂದಲೇ ಸೀಳುತ್ತದೆ. ಸಿಮೆಂಟ್ ಗಟ್ಟಿಯಾದದ್ದರಿಂದ ಒಳಗಿನ ತೇವವನ್ನು ಹೊರಗೆ ಬಿಡದೆ ಪಕ್ಕದ ಸುಣ್ಣದ ಗಾರೆಯನ್ನು ಮತ್ತಷ್ಟು ಕೆಡಿಸುತ್ತದೆ. ಗೋಡೆಯನ್ನು ಮುಟ್ಟದೆ, ಒಳ ಆವರಣದ ನೆಲದ ಮೇಲೆ ತನ್ನ ಭಾರದಲ್ಲೇ ನಿಲ್ಲುವ, ಬೇಡವೆನಿಸಿದಾಗ ಬಿಚ್ಚಿ ತೆಗೆಯಬಹುದಾದ ಕಟ್ಟೆಯಾದರೆ ನಾನು ಒಪ್ಪುತ್ತೇನೆ. ಘಟ್ಟದ ವಿಶಾಲ ನೋಟವೇ ಮುಖ್ಯವೆನ್ನುವುದಾದರೆ ಅದೇ ತಾಲ್ಲೂಕಿನ ಬಿಸಿಲೆಯ ವೀಕ್ಷಣಾ ಸ್ಥಳಕ್ಕೆ ಹೋಗಿ. ಕುಮಾರಪರ್ವತದ ಕಡೆಯ ಬೆಟ್ಟಸಾಲನ್ನು ನೋಡಲು ಯಾವ ಸ್ಮಾರಕದ ಮೇಲೂ ಕಾಲಿಡಬೇಕಾಗಿಲ್ಲ.

ಅಲುಗಿದ ಕಲ್ಲಿನ ವಿಷಯವನ್ನು ಖಂಡಿತ ತಿಳಿಸಿ. ಮಕ್ಕಳನ್ನು ದಂಡಿಸುತ್ತಾರೆ ಎಂಬ ಅಂಜಿಕೆಯಿಂದ ಸುಮ್ಮನಿರಬೇಡಿ. ಮಳೆಗಾಲಕ್ಕೆ ಮುಂಚೆ ಗೊತ್ತಾದರೆ ಒಂದು ಬುಟ್ಟಿ ಸುಣ್ಣದ ಗಾರೆಯಲ್ಲಿ ಮುಗಿಯುವ ಕೆಲಸ, ಬಿಟ್ಟರೆ ಗೋಡೆಯ ಒಂದು ಭಾಗವನ್ನೇ ಬಿಚ್ಚಿ ಕಟ್ಟುವಲ್ಲಿಗೆ ಬರಬಹುದು. ಕೋಟೆಯ ಬಾಗಿಲಿನಿಂದ ಒಳಗೆ ಹೋಗಿ ಎಡಕ್ಕೋ ಬಲಕ್ಕೋ ಎಷ್ಟನೆಯ ಮೂಲೆ, ಯಾವ ಕಿಂಡಿಯ ಪಕ್ಕ, ಯಾವ ದಿನ ಎಂಬುದನ್ನು ಬರೆದು, ಬಾಗಿಲ ಬಳಿಯ ಫಲಕದಲ್ಲಿ ಹೆಸರಿರುವ ಇಲಾಖೆಗೆ ಕಳುಹಿಸಿ. ಆ ದಿನ ತೆಗೆದ ಚಿತ್ರಗಳಲ್ಲಿ ಆ ಜಾಗ ಕಾಣುತ್ತಿದ್ದರೆ ಜೊತೆಗಿಡಿ. ಚಿತ್ರಕ್ಕಾಗಿ ಮತ್ತೆ ಹತ್ತುವುದು ಬೇಡ. ಇನ್ನೊಮ್ಮೆ ಎಲ್ಲಾದರೂ ಮಕ್ಕಳು ಗೋಡೆಯ ಮೇಲಿರುವುದು ಕಂಡರೆ ಕೆಳಗಿನಿಂದ ಕೂಗಾಡಬೇಡಿ, ಗಾಬರಿಯಿಂದ ತಿರುಗಿದವನೇ ಜಾರುವುದು ಹೆಚ್ಚು. ಇದ್ದಲ್ಲೇ ಕೂರಲು ಹೇಳಿ, ಗೋಡೆಯ ಕಡೆಗೆ ಮುಖ ಮಾಡಿ, ಹತ್ತಿದ ಜಾಗದಿಂದಲೇ ಒಳಮಗ್ಗುಲಿಗೆ ಒಂದೊಂದೇ ಕಾಲಿಟ್ಟು ಇಳಿಸಿ. ಹಾರಲು ಬಿಡಬೇಡಿ.

ಶೆಟ್ಟಿಹಳ್ಳಿಯ ಬಗ್ಗೆ ನನ್ನ ಮಾತು ಇನ್ನೂ ಕಟ್ಟುನಿಟ್ಟು. ಫ್ರೆಂಚ್ ಮಿಶನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಆ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸೇರಿತು; ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ ಎಂದು ಹೇಳುವವರಿದ್ದಾರೆ. ಬೆಲ್ಲದ ನೀರನ್ನು ಸುಣ್ಣಕ್ಕೆ ಸೇರಿಸುವುದು ನಮ್ಮಲ್ಲಿ ನಿಜವಾಗಿಯೂ ಇದ್ದ ಪದ್ಧತಿ, ಅದರಿಂದ ಗಾರೆಯ ಹದ ಸುಧಾರಿಸುತ್ತದೆ. ಆದರೆ ವರ್ಷವರ್ಷವೂ ತಿಂಗಳುಗಟ್ಟಲೆ ನೀರಿನಲ್ಲಿ ನಿಂತು ಮತ್ತೆ ಬಿಸಿಲಿಗೆ ಒಡ್ಡಿಕೊಳ್ಳುವ ಗೋಡೆಯನ್ನು ಯಾವ ಬೆಲ್ಲವೂ ಕಾಯಲಾರದು. ಅಲ್ಲಿ ಮಾಡು ಇಲ್ಲ, ಗೋಡೆಗಳನ್ನು ಮೇಲಿನಿಂದ ಒಂದಕ್ಕೊಂದು ಕಟ್ಟಿಹಿಡಿಯುವ ಏನೂ ಉಳಿದಿಲ್ಲ, ಬುಡ ಸದಾ ತೇವ. ಗೋಡೆ ಹತ್ತುವುದಂತೂ ಬೇಡವೇ ಬೇಡ, ಕಮಾನುಗಳ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುವುದೂ ಬೇಡ. ಗೋಡೆಯ ಎತ್ತರದಷ್ಟಾದರೂ ದೂರದಲ್ಲಿ ನಿಂತು ನೋಡಿ. ನೀರು ಇಳಿಯುವ ತಿಂಗಳುಗಳಲ್ಲಿ ದಡದ ಕೆಸರು ಮೇಲೆ ಒಣಗಿದಂತೆ ಕಂಡರೂ ಒಳಗೆ ಹೂಳುತ್ತದೆ, ಆದ್ದರಿಂದ ಊರಿನವರು ನಡೆಯುವ ದಾರಿಯನ್ನು ಕೇಳಿಕೊಂಡ ಮೇಲೆಯೇ ಮಕ್ಕಳನ್ನು ಕೆಳಗಿಳಿಸಿ.